ಕಟ್ಟಿದ ನಾಯಿಗೆ ಏನು ಕೊರತೆ? ನೋಡಿ, ಅಳೆದು ತಿಳಿಯೋಣ



ಸಾಗರದಿಂದ ಸಿಗಂದೂರಿಗೆ ಹೋಗುವ ದಾರಿಯಲ್ಲಿ ಹೊಳೆಬಾಗಿಲು ಇದೆ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರನ್ನು ಜನರು ಬಹಳ ವರ್ಷ ಇಲ್ಲಿ ಲಾಂಚಿನಲ್ಲಿ ದಾಟುತ್ತಿದ್ದರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಈ ಜಾಗ ನಿಮ್ಮಲ್ಲಿ ಅನೇಕರಿಗೆ ಪರಿಚಿತ.

ಹೀಗೆ ಜನ ಸೇರುವ ಕಡೆ ನಾಯಿಗಳೂ ಸೇರುತ್ತವೆ. ಅಂಗಡಿ, ಹೋಟೆಲುಗಳ ಸುತ್ತ ಸುಳಿಯುತ್ತವೆ. ಉಳಿದದ್ದನ್ನು ತಿನ್ನುತ್ತವೆ. ಬಾಯಾರಿದರೆ ನೀರಿರುವ ಕಡೆಗೆ ಹೋಗುತ್ತವೆ. ಮಳೆ ಬಂದರೆ ಕಟ್ಟೆಯ ಮೂಲೆ, ಬಿಸಿಲಾದರೆ ಮರದ ನೆರಳು. ಅವುಗಳ ಬದುಕು ಸುಖದ್ದಲ್ಲ. ಆದರೂ ಬೇಕಾದ ಕಡೆ ಹೋಗಲು ನಾಲ್ಕು ಕಾಲುಗಳಿವೆ.

ಈಗ ಇನ್ನೊಂದು ನಾಯಿಯನ್ನು ಕಲ್ಪಿಸಿಕೊಳ್ಳಿ. ಅಡಿಕೆ ತೋಟದ ಅಂಚಿನಲ್ಲಿ ಒಂಟಿ ಮನೆ. ಅಂಗಳದ ಆಚೆ ಒಂದು ಮರ. ಮರಕ್ಕೆ ಸರಪಳಿ, ಸರಪಳಿಯ ತುದಿಗೆ ನಾಯಿ. ನೀರಿನ ತಟ್ಟೆ ಮಗುಚಿದರೆ ಅದು ಬೇರೆ ನೀರು ಹುಡುಕಿಕೊಂಡು ಹೋಗಲಾರದು. ಬಿಸಿಲು ಬಂದರೆ ನೆರಳಿಗೆ ಸರಿಯಲಾರದು. ಅದಕ್ಕೆ ಕಾಲುಗಳಿವೆ, ಆದರೆ ಅವು ಸರಪಳಿಯ ಉದ್ದಕ್ಕಿಂತ ಆಚೆ ಹೋಗುವುದಿಲ್ಲ.

ಹಾಗಾದರೆ ನಾಯಿಯನ್ನು ಕಟ್ಟುವುದೇ ತಪ್ಪೇ? ಹಾಗೆ ಹೇಳಲಾಗದು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಕಾಡಿನ ಪಕ್ಕದ ಮನೆಗಳು ಬಹಳ. ರಾತ್ರಿ ಚಿರತೆ ಬಂದು ನಾಯಿಯನ್ನು ಹೊತ್ತೊಯ್ಯುವ ಭಯ ಇರುತ್ತದೆ. ದಾರಿಹೋಕರನ್ನು ಕಚ್ಚೀತೆಂದೂ ಕಟ್ಟುತ್ತಾರೆ. ಆದರೆ ಕಟ್ಟಿದ ಕ್ಷಣದಿಂದ ಕಟ್ಟಿದವರಿಗೆ ಒಂದು ಹೊಣೆ ಬರುತ್ತದೆ. ನಾಯಿ ತಾನೇ ಹುಡುಕಿಕೊಳ್ಳುತ್ತಿದ್ದ ನೀರು, ನೆರಳು, ಆಹಾರವನ್ನೆಲ್ಲ ಈಗ ಅವರೇ ಅದರ ಬಳಿಗೆ ತರಬೇಕು. ಆ ಹೊಣೆ ತಪ್ಪಿದರೆ ಅದನ್ನು ನಿರ್ಲಕ್ಷ್ಯ ಎನ್ನುತ್ತೇವೆ.

ನಾಯಿಗೆ ಹೊಡೆದರೆ ಎಲ್ಲರಿಗೂ ಕಾಣುತ್ತದೆ, ಕೂಗು ಕೇಳುತ್ತದೆ. ನಿರ್ಲಕ್ಷ್ಯ ಹಾಗಲ್ಲ, ಸದ್ದಿಲ್ಲದೆ ದಿನದಿನವೂ ನಡೆಯುತ್ತದೆ. ಆದ್ದರಿಂದಲೇ ಅದನ್ನು ಕಂಡುಹಿಡಿಯಲು ವಿಜ್ಞಾನದ ಕ್ರಮ ಬೇಕು. ಗಮನಿಸುವುದು, ಅಳೆಯುವುದು, ಬರೆದಿಡುವುದು, ಕಾರಣ ಹುಡುಕುವುದು, ಆಮೇಲೆ ಪರಿಹಾರ ಯೋಚಿಸುವುದು. ಈ ಪಾಠದಲ್ಲಿ ಅದನ್ನು ಕಲಿಯೋಣ.

ಐದು ಅಗತ್ಯಗಳು

ಸಾಕುಪ್ರಾಣಿಗಳ ಕ್ಷೇಮವನ್ನು ಪರೀಕ್ಷಿಸಲು ಪಶುವೈದ್ಯರು ಐದು ಅಂಶಗಳನ್ನು ನೋಡುತ್ತಾರೆ. ಇಂಗ್ಲೆಂಡಿನಲ್ಲಿ 1965ರಲ್ಲಿ ಬಂದ ಬ್ರಾಂಬೆಲ್ ಸಮಿತಿಯ ವರದಿಯಿಂದ ಈ ವಿಚಾರ ಬೆಳೆಯಿತು. ಇವುಗಳಿಗೆ 'ಐದು ಸ್ವಾತಂತ್ರ್ಯಗಳು' ಎಂಬ ಹೆಸರಿದೆ. ಸರಳವಾಗಿ ಹೀಗೆ ನೆನಪಿಡಿ:

1. ಹಸಿವು, ಬಾಯಾರಿಕೆ ಇರಬಾರದು.
2. ಮಳೆ, ಬಿಸಿಲು, ಚಳಿಯಿಂದ ರಕ್ಷಣೆ ಇರಬೇಕು.
3. ನೋವು, ಗಾಯ, ರೋಗಕ್ಕೆ ಚಿಕಿತ್ಸೆ ಸಿಗಬೇಕು.
4. ಓಡಾಡಲು, ಮೂಸಲು, ಜೊತೆಯವರೊಡನೆ ಇರಲು ಅವಕಾಶ ಬೇಕು.
5. ಸದಾ ಹೆದರಿಕೆಯಲ್ಲಿ ಬದುಕುವಂತಿರಬಾರದು.

ಈ ಐದರಲ್ಲಿ ಯಾವುದು ಸಿಗುತ್ತಿಲ್ಲ ಎಂದು ಹುಡುಕುವುದೇ ನಮ್ಮ ತನಿಖೆ.

ಮೊದಲ ಹೆಜ್ಜೆ: ನೋಡಿದ್ದು ಬೇರೆ, ಊಹಿಸಿದ್ದು ಬೇರೆ

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಏಳನೇ ತರಗತಿಯ ಮೂವರು ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಮನೆಯಿದೆ. ಅಲ್ಲಿ ಕಟ್ಟಿದ ನಾಯಿಯ ಹೆಸರು ಕರಿಯ. ಕರಿಯ ಬಹಳ ಬಡಕಲಾಗಿದೆ. ಮಕ್ಕಳು ಶಾಲೆಗೆ ಬಂದು ಟೀಚರಿಗೆ ಹೇಳಿದರು: "ಆ ಮನೆಯವರು ನಾಯಿಗೆ ಊಟವನ್ನೇ ಹಾಕುವುದಿಲ್ಲ ಟೀಚರ್."

ಟೀಚರ್ ಕೇಳಿದರು: "ಊಟ ಹಾಕದ್ದನ್ನು ನೀವು ನೋಡಿದಿರಾ?"

ಮಕ್ಕಳು ಸುಮ್ಮನಾದರು. ಅವರು ನೋಡಿದ್ದು ಬಡಕಲು ನಾಯಿಯನ್ನು ಮಾತ್ರ. ಊಟ ಹಾಕುವುದಿಲ್ಲ ಎಂಬುದು ಊಹೆ. ಊಹೆ ಮಾಡುವುದು ತಪ್ಪಲ್ಲ. ವಿಜ್ಞಾನಿಗಳೂ ಊಹೆಯಿಂದಲೇ ಆರಂಭಿಸುತ್ತಾರೆ. ಆದರೆ ಪರೀಕ್ಷಿಸದೆ ಊಹೆಯನ್ನು ನಿಜವೆಂದು ಹೇಳುವುದಿಲ್ಲ.

ಟೀಚರ್ ಸಲಹೆಯಂತೆ ಮಕ್ಕಳು ನೋಟ್‌ಬುಕ್ಕಿನ ಒಂದು ಪುಟದಲ್ಲಿ ಗೆರೆ ಎಳೆದು ಎರಡು ಭಾಗ ಮಾಡಿದರು. ಎಡಗಡೆ 'ನೋಡಿದ್ದು', ಬಲಗಡೆ 'ಊಹಿಸಿದ್ದು'. ದಾರಿಯಲ್ಲಿ ಹೋಗುವಾಗ, ಬರುವಾಗ ದಣಪೆಯ ಆಚೆಯೇ ನಿಂತು ಮೂರು ದಿನ ಗಮನಿಸಿದರು. ಅಂಗಳದೊಳಗೆ ಕಾಲಿಡಲಿಲ್ಲ. ಅವರು ಬರೆದದ್ದು ಇದು:

ಸೋಮವಾರ ಬೆಳಿಗ್ಗೆ 9 ಗಂಟೆ: ಅಲ್ಯೂಮಿನಿಯಂ ತಟ್ಟೆಯಲ್ಲಿ ಅನ್ನ ಇದೆ. ನಾಯಿ ತಿನ್ನುತ್ತಿಲ್ಲ. ನೀರಿನ ತಟ್ಟೆ ಮಗುಚಿದೆ.
ಸೋಮವಾರ ಸಂಜೆ 4:30: ಅದೇ ಅನ್ನ ಇದೆ, ಇರುವೆ ಮುತ್ತಿದೆ. ನೀರಿನ ತಟ್ಟೆ ಹಾಗೆಯೇ ಮಗುಚಿದೆ. ನಾಯಿ ಬಿಸಿಲಿನಲ್ಲಿದೆ, ತೇಕುತ್ತಿದೆ.
ಮಂಗಳವಾರ ಬೆಳಿಗ್ಗೆ 9 ಗಂಟೆ: ಹೊಸ ಅನ್ನ ಇದೆ. ತಟ್ಟೆಗೆ ನೀರು ತುಂಬಿಸಿದ್ದಾರೆ. ನಾಯಿ ತಿರುಗುವಾಗ ಸರಪಳಿ ತಗುಲಿ ನೀರು ಚೆಲ್ಲಿತು.
ಬುಧವಾರ ಬೆಳಿಗ್ಗೆ 9 ಗಂಟೆ: ಸರಪಳಿ ಮರಕ್ಕೆ ಮೂರು ಸುತ್ತು ಸುತ್ತಿಕೊಂಡಿದೆ. ನಾಯಿ ಕುತ್ತಿಗೆಯನ್ನು ಕಾಲಿನಿಂದ ಮತ್ತೆ ಮತ್ತೆ ಕೆರೆಯುತ್ತಿದೆ.

ಈಗ ನೋಡಿ. ಮೊದಲ ಊಹೆ ಏನಾಯಿತು? ಮನೆಯವರು ಊಟ ಹಾಕುತ್ತಿದ್ದಾರೆ! ಆದರೆ ನಾಯಿ ತಿನ್ನುತ್ತಿಲ್ಲ. ತುಂಬಿಸಿದ ನೀರು ನಾಯಿಯ ಹೊಟ್ಟೆ ಸೇರುವ ಮೊದಲೇ ನೆಲ ಸೇರುತ್ತಿದೆ. ಬಾಯಾರಿದ ಪ್ರಾಣಿಗೆ ಒಣ ಅನ್ನ ಇಳಿಯುವುದಿಲ್ಲ. ಮೂರು ದಿನದ ನಾಲ್ಕು ಸಾಲುಗಳು ತನಿಖೆಯ ದಿಕ್ಕನ್ನೇ ಬದಲಿಸಿದವು.

ಎರಡನೇ ಹೆಜ್ಜೆ: ಅಳತೆ

ಈಗ ಒಂದೊಂದೇ ಅಗತ್ಯವನ್ನು ಅಳೆದು ನೋಡೋಣ.

ನೀರು: ನಾಯಿಗೆ ದಿನಕ್ಕೆ ಅದರ ಒಂದು ಕಿಲೋಗ್ರಾಂ ತೂಕಕ್ಕೆ ಸುಮಾರು 50ರಿಂದ 60 ಮಿಲಿಲೀಟರ್ ನೀರು ಬೇಕು. ನಾಯಿ 15 ಕಿಲೋ ಇದ್ದರೆ 750ರಿಂದ 900 ಮಿ.ಲೀ. ಆಯಿತು. ಬೇಸಿಗೆಯಲ್ಲಿ ಇನ್ನೂ ಹೆಚ್ಚು ಬೇಕಾಗುತ್ತದೆ. ಯಾಕೆ ಗೊತ್ತೇ? ನಮಗೆ ಸೆಕೆಯಾದರೆ ಮೈಯೆಲ್ಲ ಬೆವರುತ್ತದೆ. ಬೆವರು ಆರುವಾಗ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ನಾಯಿಗೆ ಹೀಗೆ ಬೆವರುವ ಗ್ರಂಥಿಗಳಿರುವುದು ಮುಖ್ಯವಾಗಿ ಪಾದದ ಮೆತ್ತೆಗಳಲ್ಲಿ. ಅಷ್ಟು ಸಾಲದು. ಆದ್ದರಿಂದ ಅದು ನಾಲಿಗೆ ಚಾಚಿ ತೇಕುತ್ತದೆ. ನಾಲಿಗೆ, ಬಾಯಿ, ಉಸಿರುನಾಳದ ತೇವ ಆವಿಯಾಗಿ ಮೈ ತಂಪಾಗುತ್ತದೆ. ತೇಕಿದಷ್ಟೂ ದೇಹದ ನೀರು ಕಳೆಯುತ್ತದೆ. ಕುಡಿಯಲು ನೀರಿಲ್ಲದಿದ್ದರೆ ತಂಪು ಮಾಡಿಕೊಳ್ಳುವ ದಾರಿಯೇ ಮುಚ್ಚುತ್ತದೆ. ನಾಯಿಯ ಸಹಜ ದೇಹತಾಪ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಬಿಸಿಲಿನಲ್ಲಿ ಕಟ್ಟಿದ, ನೀರಿಲ್ಲದ ನಾಯಿಯ ತಾಪ ಇದಕ್ಕಿಂತ ಬಹಳ ಏರಿದರೆ ಪ್ರಾಣವೇ ಹೋಗಬಹುದು.

ನೆರಳು: 'ನಾಯಿಯನ್ನು ನೆರಳಲ್ಲೇ ಕಟ್ಟಿದ್ದೇವೆ' ಎಂದು ಮನೆಯವರು ಹೇಳುತ್ತಾರೆ. ಅದು ನಿಜವೇ ಇರಬಹುದು, ಬೆಳಿಗ್ಗೆ 8 ಗಂಟೆಗೆ! ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಸಾಗಿದಂತೆ ಕಾಣುವಾಗ ನೆರಳು ಪಶ್ಚಿಮದಿಂದ ಪೂರ್ವಕ್ಕೆ ಸರಿಯುತ್ತದೆ. ನಾಯಿಯ ಸರಪಳಿ ಮಾತ್ರ ಸರಿಯುವುದಿಲ್ಲ.

ಮಾಡಿ ನೋಡಿ – 1: ಶಾಲೆಯ ಅಂಗಳದ ಒಂದು ಮರದ ನೆರಳಿನ ಅಂಚನ್ನು ಬೆಳಿಗ್ಗೆ 10, ಮಧ್ಯಾಹ್ನ 12:30 ಮತ್ತು ಸಂಜೆ 4 ಗಂಟೆಗೆ ಸುಣ್ಣದ ಪುಡಿಯಿಂದ ಗುರುತಿಸಿ. ಮೂರೂ ಹೊತ್ತಿನಲ್ಲಿ ನೆರಳಿದ್ದ ಜಾಗ ಎಷ್ಟಿದೆ? ಕಟ್ಟಿದ ನಾಯಿಗೆ ಬೇಕಾದದ್ದು ಆ ಜಾಗ.

ಓಡಾಡುವ ಜಾಗ: ಗೂಟಕ್ಕೆ ಕಟ್ಟಿದ ನಾಯಿಯ ಪ್ರಪಂಚ ಒಂದು ವೃತ್ತ. ಸರಪಳಿಯ ಉದ್ದವೇ ಅದರ ತ್ರಿಜ್ಯ. ವೃತ್ತದ ವಿಸ್ತೀರ್ಣ ಕಂಡುಹಿಡಿಯುವ ಸೂತ್ರ ನಿಮಗೆ ಗೊತ್ತು: 3.14 × ತ್ರಿಜ್ಯ × ತ್ರಿಜ್ಯ.

ಸರಪಳಿ 1.5 ಮೀಟರ್ ಇದ್ದರೆ: 3.14 × 1.5 × 1.5 = ಸುಮಾರು 7 ಚದರ ಮೀಟರ್.
ಸರಪಳಿ 3 ಮೀಟರ್ ಇದ್ದರೆ: 3.14 × 3 × 3 = ಸುಮಾರು 28 ಚದರ ಮೀಟರ್.

ಸರಪಳಿಯನ್ನು ಎರಡು ಪಟ್ಟು ಉದ್ದ ಮಾಡಿದರೆ ಜಾಗ ನಾಲ್ಕು ಪಟ್ಟಾಯಿತು! ಆದರೆ ಮರಕ್ಕೆ ಕಟ್ಟಿದರೆ ಇನ್ನೊಂದು ತೊಂದರೆ ಇದೆ. ಮರದ ಸುತ್ತಳತೆ 50 ಸೆಂಟಿಮೀಟರ್ ಎಂದುಕೊಳ್ಳಿ. ಒಂದು ಸುತ್ತು ಸುತ್ತಿಕೊಂಡರೆ ಸರಪಳಿ 50 ಸೆಂ.ಮೀ. ಕಡಿಮೆಯಾಗುತ್ತದೆ. ಮೂರು ಸುತ್ತಿಗೆ ಒಂದೂವರೆ ಮೀಟರ್ ಪೂರ್ತಿ ಮುಗಿಯಿತು. ಬುಧವಾರ ಕರಿಯನಿಗೆ ಆಗಿದ್ದು ಇದೇ. ಅದರ ಮುಖ ಮರಕ್ಕೆ ಅಂಟಿಕೊಂಡಂತಿತ್ತು. ನೀರಿನ ತಟ್ಟೆ ಒಂದು ಮಾರು ದೂರದಲ್ಲಿದ್ದರೂ ಅದು ಇದ್ದೂ ಇಲ್ಲದಂತೆಯೇ.

ಇದಕ್ಕೆ ಒಂದು ಸುಲಭ ಉಪಾಯವಿದೆ. ಎರಡು ಕಂಬಗಳ ನಡುವೆ 10 ಮೀಟರ್ ತಂತಿ ಬಿಗಿದು, ಅದಕ್ಕೆ ಒಂದು ಬಳೆ ಹಾಕಿ, ಬಳೆಗೆ 2 ಮೀಟರ್ ಸರಪಳಿ ಸೇರಿಸಬೇಕು. ಬಳೆ ತಂತಿಯ ಮೇಲೆ ಜಾರುತ್ತದೆ. ತಂತಿಯ ಎರಡೂ ಬದಿಗೆ 2 ಮೀಟರಿನಂತೆ 10 × 4 = 40 ಚದರ ಮೀಟರ್ ಆಯಿತು. ಎರಡೂ ತುದಿಯ ಅರ್ಧವೃತ್ತಗಳು ಸೇರಿ ಸುಮಾರು 12.5 ಚದರ ಮೀಟರ್. ಒಟ್ಟು ಸುಮಾರು 52.5 ಚದರ ಮೀಟರ್. ಸರಪಳಿ ಕಂಬಕ್ಕೆ ಸುತ್ತದಂತೆ ತಂತಿಯ ಎರಡೂ ತುದಿಯಲ್ಲಿ ತಡೆಗಂಟು ಇರಬೇಕು, ಅಷ್ಟೆ. ಹೀಗಿದ್ದರೂ ದಿನಕ್ಕೆ ಒಂದೆರಡು ಬಾರಿ ಬಿಚ್ಚಿ, ಜೊತೆಯಲ್ಲಿ ಓಡಾಡಿಸಲೇಬೇಕು.

ಮಳೆ ಮತ್ತು ಚಳಿ: ನಮ್ಮ ಮಲೆನಾಡಿನ ಮಳೆಗಾಲ ನಿಮಗೆ ಹೇಳಬೇಕಾಗಿಲ್ಲ. 'ನಾಯಿಗೆ ರೋಮ ಇದೆಯಲ್ಲ, ಚಳಿಯಾಗುವುದಿಲ್ಲ' ಎನ್ನುವವರಿದ್ದಾರೆ. ಒಣಗಿದ ರೋಮಕ್ಕೆ ಈ ಮಾತು ಸರಿ. ಒದ್ದೆ ರೋಮಕ್ಕೆ?

ಮಾಡಿ ನೋಡಿ – 2 (ಟೀಚರ್ ಜೊತೆಯಲ್ಲಿ ಮಾಡಿ): ಒಂದೇ ಅಳತೆಯ ಎರಡು ಸ್ಟೀಲ್ ಲೋಟ ತೆಗೆದುಕೊಳ್ಳಿ. ಎರಡಕ್ಕೂ ಸಮಪ್ರಮಾಣದ ಬಿಸಿನೀರು ಹಾಕಿ. ಒಂದಕ್ಕೆ ಒಣಗಿದ ಉಣ್ಣೆ ಕಾಲುಚೀಲ, ಇನ್ನೊಂದಕ್ಕೆ ನೀರಿನಲ್ಲಿ ಅದ್ದಿ ಹಿಂಡಿದ ಅಂಥದೇ ಕಾಲುಚೀಲ ಹೊದಿಸಿ. ಗಾಳಿ ಬರುವ ಕಿಟಕಿಯ ಬಳಿ ಇಡಿ. ಪ್ರತಿ 5 ನಿಮಿಷಕ್ಕೊಮ್ಮೆ ಅರ್ಧ ಗಂಟೆಯವರೆಗೆ ತಾಪಮಾನ ಬರೆದುಕೊಳ್ಳಿ. ಯಾವುದು ಬೇಗ ತಣ್ಣಗಾಯಿತು?

ಒದ್ದೆ ಕಾಲುಚೀಲದ ಲೋಟ ಬೇಗ ತಣ್ಣಗಾಗುತ್ತದೆ. ಒಣ ಉಣ್ಣೆಯ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಗಾಳಿ ಶಾಖವನ್ನು ಸುಲಭವಾಗಿ ಸಾಗಿಸುವುದಿಲ್ಲ. ಒದ್ದೆಯಾದಾಗ ಆ ಜಾಗವನ್ನು ನೀರು ಹಿಡಿಯುತ್ತದೆ. ಜೊತೆಗೆ ನೀರು ಆವಿಯಾಗುತ್ತ ಶಾಖವನ್ನು ಎಳೆಯುತ್ತದೆ. ಜಡಿಮಳೆಯಲ್ಲಿ ನೆನೆದು ನಿಂತ ನಾಯಿಯ ಸ್ಥಿತಿ ಆ ಲೋಟದಂತೆ. ಅದು ಮೈ ಬಿಸಿ ಉಳಿಸಿಕೊಳ್ಳಲು ಹೆಚ್ಚು ಆಹಾರ ಸುಡಬೇಕಾಗುತ್ತದೆ. ತಿಂದರೂ ಸೊರಗಲು ಇದೂ ಒಂದು ಕಾರಣ.

ಗೂಡು ಮಾಡಲು ದುಡ್ಡು ಬೇಕಾಗಿಲ್ಲ. ಸೋಗೆ ಹೊದಿಸಿದ ಇಳಿಜಾರು ಮಾಡು, ಎರಚಲು ಬಾರದಂತೆ ಮೂರು ಬದಿ ಮರೆ, ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಅಡಿಕೆ ದಬ್ಬೆಯ ಹಾಸು, ಮೇಲೆ ಒಣ ಗೋಣಿಚೀಲ. ಇಷ್ಟು ಸಾಕು. ಬರೀ ತಗಡಿನ ಮಾಡು ಬೇಸಿಗೆಯಲ್ಲಿ ಕಾಯುತ್ತದೆ. ಹಾಸಿಗೆಗೆ ಕಾಡಿನ ದರಕು ತರಬೇಡಿ. ಅದರಲ್ಲಿ ಉಣುಗು ಇರಬಹುದು. ಮಂಗನ ಕಾಯಿಲೆ ಉಣುಗಿನಿಂದಲೇ ಹರಡುತ್ತದೆ. ಆ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ.

ಮೈಕಟ್ಟು: ನಾಯಿ ಬಡಕಲೇ, ಸರಿಯಿದೆಯೇ, ಕೊಬ್ಬಿದೆಯೇ? ಇದಕ್ಕೆ ಪಶುವೈದ್ಯರು 1ರಿಂದ 9ರವರೆಗೆ ಅಂಕ ಕೊಡುತ್ತಾರೆ. 4 ಅಥವಾ 5 ಬಂದರೆ ಚೆನ್ನಾಗಿದೆ ಎಂದರ್ಥ. ನಿಮಗೆ ಒಂದು ಸುಲಭ ವಿಧಾನವಿದೆ.

ಮಾಡಿ ನೋಡಿ – 3: ಎಡಗೈ ಮುಷ್ಟಿ ಕಟ್ಟಿ, ಬಲಗೈ ಬೆರಳಿನಿಂದ ಗೆಣ್ಣುಗಳನ್ನು ಸವರಿ. ಎಲುಬು ಚೂಪಾಗಿ ಸಿಗುತ್ತದೆ. ನಾಯಿಯ ಪಕ್ಕೆಲುಬು ಹೀಗೆ ಸಿಕ್ಕರೆ ಅದು ಬಡಕಲು. ಈಗ ಎಡಗೈಯನ್ನು ಬಿಡಿಸಿ ಚಪ್ಪಟೆಯಾಗಿ ಹಿಡಿದು ಹಿಂಬದಿಯನ್ನು ಸವರಿ. ಎಲುಬು ತಿಳಿಯುತ್ತದೆ, ಚೂಪಾಗಿಲ್ಲ. ಇದು ಸರಿಯಾದ ಮೈಕಟ್ಟು. ಕೊನೆಗೆ ಅಂಗೈ ಬದಿಯಲ್ಲಿ ಬೆರಳುಗಳ ಬುಡವನ್ನು ಸವರಿ. ಎಲುಬು ಮಾಂಸದೊಳಗೆ ಹುದುಗಿದೆ. ಪಕ್ಕೆಲುಬು ಹೀಗಿದ್ದರೆ ಕೊಬ್ಬು ಹೆಚ್ಚು. ನಿಮ್ಮ ಮನೆಯ ನಾಯಿಯನ್ನು ಮಾತ್ರ ಹೀಗೆ ಪರೀಕ್ಷಿಸಿ. ಬೇರೆಯವರ ನಾಯಿಯನ್ನು ಮುಟ್ಟಬಾರದು.

ಕುತ್ತಿಗೆಪಟ್ಟಿ: ಮರಿಗೆ ಹಾಕಿದ ಪಟ್ಟಿ ಅಥವಾ ಹಗ್ಗವನ್ನು ಮರಿ ಬೆಳೆದಂತೆ ಸಡಿಲಿಸಬೇಕು. ಎಷ್ಟೋ ಕಡೆ ಇದನ್ನು ಮರೆಯುತ್ತಾರೆ. ನಾಯಿ ಬೆಳೆಯುತ್ತದೆ, ಪಟ್ಟಿ ಬೆಳೆಯುವುದಿಲ್ಲ. ಅದು ಚರ್ಮವನ್ನು ಕೊರೆದು ಒಳಗೆ ಇಳಿಯುತ್ತದೆ. ಪಟ್ಟಿ ಮತ್ತು ಕುತ್ತಿಗೆಯ ನಡುವೆ ಎರಡು ಬೆರಳು ಸುಲಭವಾಗಿ ಹೋಗಬೇಕು. ಕರಿಯ ಕುತ್ತಿಗೆ ಕೆರೆಯುತ್ತಿದ್ದದ್ದು ನೆನಪಿದೆಯಲ್ಲವೇ?

ಮೂರನೇ ಹೆಜ್ಜೆ: ಕಾರಣ ಹುಡುಕುವುದು

ಒಂದೇ ಲಕ್ಷಣಕ್ಕೆ ಹಲವು ಕಾರಣಗಳಿರಬಹುದು. ನಾಯಿ ಬಡಕಲಾಗಲು ಆಹಾರ ಸಾಲದಿರುವುದು ಒಂದು ಕಾರಣ. ಹೊಟ್ಟೆಯಲ್ಲಿ ಜಂತುಹುಳು ಇರಬಹುದು. ಮರಿಗಳಿಗೆ ಹಾಲು ಕೊಡುತ್ತಿರಬಹುದು. ಮುದಿಯಾಗಿ ಹಲ್ಲು ಉದುರಿರಬಹುದು. ಉಣುಗಿನಿಂದ ಬರುವ ಜ್ವರ ಇರಬಹುದು. ಅಕ್ಕರೆಯಿಂದ ಸಾಕಿದ ನಾಯಿಯೂ ರೋಗದಿಂದ ಸೊರಗಬಹುದು. ಹಾಗೆಯೇ ದಷ್ಟಪುಷ್ಟವಾಗಿ ಕಾಣುವ ನಾಯಿಯೂ ವರ್ಷವಿಡೀ ಸರಪಳಿಯಲ್ಲೇ ಕೊಳೆಯುತ್ತಿರಬಹುದು. ಬರೀ ಮೈ ನೋಡಿ ತೀರ್ಪು ಕೊಡುವಂತಿಲ್ಲ.

ಬರೀ ಅನ್ನ ತಿಂದು ಬೆಳೆದ ನಾಯಿಯೂ ಸೊರಗುತ್ತದೆ. ಅನ್ನದಲ್ಲಿ ಪಿಷ್ಟ ಹೆಚ್ಚು, ಪ್ರೋಟೀನು ಕಡಿಮೆ. ಮೊಟ್ಟೆ, ಮೀನು, ಮಾಂಸ ಅಥವಾ ಬೇಯಿಸಿದ ಬೇಳೆ ಸೇರಿದರೆ ಒಳ್ಳೆಯದು. ಈರುಳ್ಳಿ, ಚಾಕಲೇಟು ನಾಯಿಗೆ ವಿಷ, ಹಾಕಬಾರದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಮೈಲುತುತ್ತ, ಸುಣ್ಣ ಕಲಸಿದ ಡ್ರಮ್ಮಿನ ಹತ್ತಿರ ಬಾಯಾರಿದ ನಾಯಿ ಬಾರದಂತೆ ನೋಡಿಕೊಳ್ಳಬೇಕು.

ಕರಿಯನ ವಿಷಯಕ್ಕೆ ಬರೋಣ. ಮಕ್ಕಳ ಬರಹ ಓದಿ ಟೀಚರ್ ತಾವೇ ಆ ಮನೆಗೆ ಹೋದರು. ಅಲ್ಲಿದ್ದವರು ಒಬ್ಬರೇ ಅಜ್ಜಿ. ಮಗ, ಸೊಸೆ ಬೆಂಗಳೂರಿನಲ್ಲಿ. ತೋಟಕ್ಕೆ ಮಂಗ ಬಾರದಿರಲಿ ಎಂದು ನಾಯಿ ಸಾಕಿದ್ದರು. ಅಜ್ಜಿಗೆ ಮಂಡಿನೋವು. ಬೆಳಿಗ್ಗೆ ಒಮ್ಮೆ ಅನ್ನ, ನೀರು ಇಟ್ಟು ಬಂದರೆ ಮತ್ತೆ ಮೆಟ್ಟಿಲಿಳಿದು ಹೋಗಲು ಆಗುತ್ತಿರಲಿಲ್ಲ. ನೀರು ಚೆಲ್ಲಿದ್ದು ಅವರಿಗೆ ಗೊತ್ತೇ ಇರಲಿಲ್ಲ. ಪಟ್ಟಿಯನ್ನು ಬಿಚ್ಚಿ ನೋಡುವಷ್ಟು ಬಗ್ಗಲೂ ಆಗುತ್ತಿರಲಿಲ್ಲ.

ಈಗ ಹೇಳಿ, ಅಜ್ಜಿಯನ್ನು ಬೈದರೆ ನಾಯಿಗೆ ನೀರು ಸಿಗುತ್ತದೆಯೇ?

ನಿರ್ಲಕ್ಷ್ಯಕ್ಕೆ ಮುಖ್ಯವಾಗಿ ಮೂರು ಕಾರಣಗಳಿರುತ್ತವೆ: ಗೊತ್ತಿಲ್ಲದಿರುವುದು, ಮಾಡಲು ಆಗದಿರುವುದು, ಮನಸ್ಸಿಲ್ಲದಿರುವುದು. ಗೊತ್ತಿಲ್ಲದವರಿಗೆ ತಿಳಿಸಬೇಕು. ಆಗದವರಿಗೆ ಕೈಜೋಡಿಸಬೇಕು. ಮನಸ್ಸೇ ಇಲ್ಲದವರಿಗೆ ಮಾತ್ರ ಕಾನೂನು ಬೇಕಾಗುತ್ತದೆ. ಯಾವುದೇ ಕಾರಣವಿರಲಿ, ನಾಯಿಯ ಬಾಯಾರಿಕೆ ಮಾತ್ರ ಒಂದೇ. ಆದ್ದರಿಂದ ಪರಿಹಾರ ತಡವಾಗಬಾರದು.

ನಾಲ್ಕನೇ ಹೆಜ್ಜೆ: ಪರಿಹಾರ

ಮೊದಲು ಮಾತು. "ನೀವು ನಾಯಿಗೆ ಸರಿಯಾಗಿ ನೀರೇ ಇಡುವುದಿಲ್ಲ" ಎಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. "ಅಜ್ಜೀ, ಕರಿಯನ ನೀರಿನ ತಟ್ಟೆ ಪದೇ ಪದೇ ಮಗುಚುತ್ತದೆ. ನಾವು ಶಾಲೆಗೆ ಹೋಗುವಾಗ ನೀರು ತುಂಬಿಸಿಕೊಡಲಾ?" ಎಂದರೆ ಬಾಗಿಲು ತೆರೆಯುತ್ತದೆ. ಈ ಮಾತನ್ನೂ ಟೀಚರ್ ಅಥವಾ ಮನೆಯ ಹಿರಿಯರು ಜೊತೆಗಿದ್ದಾಗಲೇ ಆಡಿ.

ನಮ್ಮ ಉದಾಹರಣೆಯಲ್ಲಿ ಹೀಗಾಯಿತು. ಕೊಟ್ಟಿಗೆಯಲ್ಲಿ ಬಿದ್ದಿದ್ದ ಹಳೆಯ ಅಕ್ಕಚ್ಚಿನ ಕಲ್ಲುಬಾನಿಯನ್ನು ಪಕ್ಕದ ಮನೆಯವರು ಎತ್ತಿ ತಂದು ನೆರಳಿನಲ್ಲಿಟ್ಟರು. ಸರಪಳಿ ತಗುಲಿದರೆ ಅದು ಮಗುಚುವುದಿಲ್ಲ. ಮರದ ಬದಲು ಕಂಬಗಳ ನಡುವೆ ತಂತಿ ಬಂತು. ಪಶುವೈದ್ಯರು ಬಂದು ಪಟ್ಟಿ ಕತ್ತರಿಸಿ, ಗಾಯಕ್ಕೆ ಔಷಧಿ ಹಚ್ಚಿ, ಜಂತುಹುಳುವಿನ ಮಾತ್ರೆ ಕೊಟ್ಟು, ರೇಬಿಸ್ ಲಸಿಕೆ ಹಾಕಿದರು. ಪಕ್ಕದ ಮನೆಯವರು ಸಂಜೆ ಹೊತ್ತು ಕರಿಯನನ್ನು ತೋಟದಲ್ಲಿ ಓಡಾಡಿಸಲು ಒಪ್ಪಿದರು. ಮಕ್ಕಳು ದಣಪೆಯಾಚೆಯಿಂದಲೇ ತಿಂಗಳವರೆಗೆ ದಾಖಲೆ ಮುಂದುವರಿಸಿದರು. ಪರಿಹಾರ ಕೆಲಸ ಮಾಡುತ್ತಿದೆಯೇ ಎಂದು ನೋಡುವುದೂ ತನಿಖೆಯ ಭಾಗ.

ಕಾಯಬಾರದ ಸಂದರ್ಭಗಳು: ನಾಯಿ ಎದ್ದು ನಿಲ್ಲಲಾರದೆ ಬಿದ್ದಿದ್ದರೆ, ಸರಪಳಿ ಕುತ್ತಿಗೆಗೆ ಬಿಗಿದಿದ್ದರೆ, ಗಾಯದಲ್ಲಿ ಹುಳು ಬಿದ್ದಿದ್ದರೆ, ವಿಷ ತಿಂದಂತೆ ಜೊಲ್ಲು ಸುರಿಸಿ ನಡುಗುತ್ತಿದ್ದರೆ ಮೂರು ದಿನ ನೋಡುತ್ತ ಕೂರಬೇಡಿ. ಕೂಡಲೇ ಹಿರಿಯರಿಗೆ ತಿಳಿಸಿ. ಅವರು ಹತ್ತಿರದ ಪಶು ಆಸ್ಪತ್ರೆಗೆ ಹೇಳಬಹುದು ಅಥವಾ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು. ಗಾಯಕ್ಕೆ ಸೀಮೆಎಣ್ಣೆ, ಪೆಟ್ರೋಲು, ಫಿನಾಯಿಲು ಸುರಿಯಬಾರದು. ಇವು ಮಾಂಸವನ್ನು ಸುಡುತ್ತವೆ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ 1960ರಿಂದ ಪ್ರಾಣಿಹಿಂಸೆ ತಡೆ ಕಾಯ್ದೆ ಇದೆ. ಭರತನಾಟ್ಯ ಕಲಾವಿದೆಯೂ ರಾಜ್ಯಸಭಾ ಸದಸ್ಯೆಯೂ ಆಗಿದ್ದ ರುಕ್ಮಿಣಿ ದೇವಿ ಅರುಂಡೇಲ್ ಅವರ ಪ್ರಯತ್ನ ಅದರ ಹಿಂದಿದೆ. 1962ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ಈ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಹೊಡೆಯುವುದಷ್ಟೇ ಹಿಂಸೆಯಲ್ಲ. ತೀರಾ ಗಿಡ್ಡ ಅಥವಾ ತೀರಾ ಭಾರವಾದ ಸರಪಳಿಯಲ್ಲಿ ಬಹುಕಾಲ ಕಟ್ಟುವುದು, ಸದಾ ಕಟ್ಟಿರುವ ನಾಯಿಯನ್ನು ಓಡಾಡಿಸದಿರುವುದು, ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದು, ಹಸಿವಿನಿಂದ ನರಳುವಂತೆ ಬಿಟ್ಟುಹೋಗುವುದು – ಇವೆಲ್ಲ ಅಪರಾಧ. ಮೊದಲ ಅಪರಾಧಕ್ಕೆ ಕಾಯ್ದೆಯಲ್ಲಿ ಬರೆದಿರುವ ದಂಡ 10ರಿಂದ 50 ರೂಪಾಯಿ. ಇಷ್ಟು ಚಿಕ್ಕ ಮೊತ್ತ ಯಾರನ್ನು ಹೆದರಿಸೀತು? ಆದ್ದರಿಂದಲೇ ದಂಡಕ್ಕಿಂತ ಊರವರ ಕಣ್ಣು ಮತ್ತು ಕಾಳಜಿ ಮುಖ್ಯ. ನಮ್ಮ ಸಂವಿಧಾನದ 51ಎ (ಜಿ) ವಿಧಿಯೂ ಜೀವಿಗಳ ಬಗ್ಗೆ ದಯೆ ತೋರುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ ಎನ್ನುತ್ತದೆ.

ಪ್ರಾಣಿಯನ್ನು ಕೊಲ್ಲುವುದು, ವಿಷ ಹಾಕುವುದು ಇನ್ನೂ ದೊಡ್ಡ ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದಕ್ಕೆ ಐದು ವರ್ಷದವರೆಗೆ ಜೈಲು ಇದೆ. 2021ರ ಸೆಪ್ಟೆಂಬರಿನಲ್ಲಿ ನಮ್ಮ ಜಿಲ್ಲೆಯ ಭದ್ರಾವತಿ ತಾಲ್ಲೂಕಿನಲ್ಲಿ ನೂರಕ್ಕೂ ಹೆಚ್ಚು ಬೀದಿನಾಯಿಗಳನ್ನು ಕೊಂದು ಹೂಳಲಾಗಿದೆ ಎಂಬ ದೂರು ಬಂತು. ದೂರು ಕೊಟ್ಟವರು ಪ್ರಾಣಿರಕ್ಷಣೆಯ ಕಾರ್ಯಕರ್ತರು. ಪೊಲೀಸರು ಆ ಜಾಗವನ್ನು ಅಗೆಸಿದರು. ಪಶುವೈದ್ಯರು ಕಳೇಬರಗಳ ಮರಣೋತ್ತರ ಪರೀಕ್ಷೆ ಮಾಡಿದರು. ಕೆಲವರ ಬಂಧನವೂ ಆಯಿತು. ಇಲ್ಲಿಯೂ ಕ್ರಮ ಅದೇ ಎಂಬುದನ್ನು ಗಮನಿಸಿ. ಸುದ್ದಿ ಕೇಳಿದ ಮೇಲೆ ಸ್ಥಳ ನೋಡಿದರು, ಸಾಕ್ಷ್ಯ ಹುಡುಕಿದರು, ತಜ್ಞರಿಂದ ಪರೀಕ್ಷೆ ಮಾಡಿಸಿದರು. ಬರೀ ಬಾಯಿಮಾತಿನಿಂದ ಏನೂ ಸಾಬೀತಾಗುವುದಿಲ್ಲ.

ಮಾತಿನಿಂದ, ಸಹಾಯದಿಂದ ಸರಿಹೋಗದಿದ್ದರೆ ಹಿರಿಯರು ಗ್ರಾಮ ಪಂಚಾಯಿತಿಗೆ, ಪಶುವೈದ್ಯಾಧಿಕಾರಿಗೆ, ಪೊಲೀಸ್ ಠಾಣೆಗೆ ಅಥವಾ ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ದೂರು ಕೊಡಬಹುದು. ಆಗ ದಿನಾಂಕ, ವೇಳೆ ಸಹಿತ ಬರೆದ ನಿಮ್ಮ ಪುಟ ಬಹಳ ಉಪಯೋಗಕ್ಕೆ ಬರುತ್ತದೆ.

ನಿಮ್ಮ ಸುರಕ್ಷತೆ ಮೊದಲು

ಕಟ್ಟಿದ ನಾಯಿ ಓಡಿ ತಪ್ಪಿಸಿಕೊಳ್ಳಲಾರದು. ಹೆದರಿದಾಗ ಅದಕ್ಕೆ ಉಳಿಯುವ ದಾರಿ ಕಚ್ಚುವುದೊಂದೇ. ಆದ್ದರಿಂದ:

– ಒಬ್ಬರೇ ಹೋಗಬೇಡಿ. ಬೇರೆಯವರ ಅಂಗಳಕ್ಕೆ ಕೇಳದೆ ಹೋಗಬೇಡಿ.
– ತಿನ್ನುತ್ತಿರುವ, ಮರಿಹಾಕಿದ, ಗಾಯಗೊಂಡ ನಾಯಿಯ ಹತ್ತಿರ ಹೋಗಬೇಡಿ.
– ನೀವಾಗಿಯೇ ಸರಪಳಿ ಬಿಚ್ಚಬೇಡಿ.
– ಉಣುಗನ್ನು ಬರಿಗೈಯಿಂದ ಕೀಳಬೇಡಿ, ಹಿಸುಕಬೇಡಿ.
– ನಾಯಿ ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಸುಣ್ಣ, ಅರಿಶಿನ, ಮೆಣಸಿನಪುಡಿ ಹಚ್ಚಬೇಡಿ. ಬೈಯುತ್ತಾರೆಂದು ಮನೆಯಲ್ಲಿ ಮುಚ್ಚಿಡಬೇಡಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ಅತ್ಯಂತ ಅಪರೂಪ, ಆದರೆ ಸಕಾಲದ ಲಸಿಕೆ ಅದನ್ನು ತಡೆಯುತ್ತದೆ.

ನೆನಪಿಡಿ

• ಕಟ್ಟಿದ ಪ್ರಾಣಿಯ ನೀರು, ನೆರಳು, ಆಹಾರಕ್ಕೆ ಕಟ್ಟಿದವರೇ ಹೊಣೆ.
• ನೋಡಿದ್ದನ್ನು ಮತ್ತು ಊಹಿಸಿದ್ದನ್ನು ಬೇರೆ ಬೇರೆ ಬರೆಯಬೇಕು.
• ಒಂದು ಲಕ್ಷಣಕ್ಕೆ ಹಲವು ಕಾರಣಗಳಿರಬಹುದು.
• ಯಾರ ತಪ್ಪು ಎಂಬುದಕ್ಕಿಂತ ಮೊದಲು, ಪ್ರಾಣಿಗೆ ಈಗ ಏನು ಬೇಕು ಎಂದು ಕೇಳಬೇಕು.

ಪ್ರಶ್ನೆಗಳು

1. ನಾಯಿ ಬಿಸಿಲಿನಲ್ಲಿ ನಾಲಿಗೆ ಚಾಚಿ ತೇಕುವುದೇಕೆ?
2. 12 ಕಿಲೋ ತೂಕದ ನಾಯಿಗೆ ದಿನಕ್ಕೆ ಎಷ್ಟು ನೀರು ಬೇಕು? ಲೆಕ್ಕ ಹಾಕಿ.
3. 2 ಮೀಟರ್ ಸರಪಳಿಯಲ್ಲಿ ಗೂಟಕ್ಕೆ ಕಟ್ಟಿದ ನಾಯಿಗೆ ಸಿಗುವ ಜಾಗವೆಷ್ಟು? ಅದೇ ಸರಪಳಿಯನ್ನು 6 ಮೀಟರ್ ತಂತಿಗೆ ಹಾಕಿದರೆ ಎಷ್ಟು?
4. 'ಆ ನಾಯಿಗೆ ಹುಚ್ಚು', 'ಆ ನಾಯಿಯ ಬಾಯಲ್ಲಿ ಜೊಲ್ಲು ಸುರಿಯುತ್ತಿದೆ' – ಇವುಗಳಲ್ಲಿ ನೋಡಿದ್ದು ಯಾವುದು, ಊಹಿಸಿದ್ದು ಯಾವುದು?
5. ಯೋಚಿಸಿ: ಪ್ರಯಾಣಿಕರನ್ನು ನಂಬಿ ಬದುಕುವ ನಾಯಿಗಳಿರುವ ಜಾಗಕ್ಕೆ ಜನ ಬರುವುದು ನಿಂತರೆ ಆ ನಾಯಿಗಳಿಗೆ ಏನಾದೀತು? ಅವುಗಳ ಹೊಣೆ ಯಾರದು? ತರಗತಿಯಲ್ಲಿ ಚರ್ಚಿಸಿ.
6. ಮನೆಯಲ್ಲಿ ಮಾಡಿ: ನಿಮ್ಮ ಮನೆಯ ನಾಯಿ, ದನ ಅಥವಾ ಬೆಕ್ಕಿನ ಐದು ಅಗತ್ಯಗಳನ್ನು ಒಂದು ವಾರ ಗಮನಿಸಿ ಬರೆಯಿರಿ. ಯಾವುದಾದರೂ ಕೊರತೆ ಕಂಡರೆ ಅದನ್ನು ಸರಿಪಡಿಸುವ ಕೆಲಸ ಅಲ್ಲಿಂದಲೇ ಆರಂಭವಾಗಲಿ.